ಪಾತ್ರೆಯಲ್ಲಿ ಇಲ್ಲದ ಬೀನ್ಸ್, ತಟ್ಟೆಯಲ್ಲಿ ಇತ್ತು

ಟೆಕ್ಸಾಸ್‌ನಲ್ಲಿ ಹುಟ್ಟಿ ಬೆಳೆದವರ ಎದುರು ಕೂತು "ನೀವು ಚಿಲಿಗೆ ಬೀನ್ಸ್ ಹಾಕ್ತೀರಾ?" ಅಂತ ಒಂದ್ಸಲ ಕೇಳಿ ನೋಡಿ. ನಮ್ಮ ಕಡೆ ಮಟನ್ ಸಾರಿಗೆ ಬೆಲ್ಲ ಹಾಕ್ತೀರಾ ಅಂತ ಕೇಳಿದರೆ ಹೇಗೆ ನೋಡ್ತಾರೋ ಹಾಗೆ ನೋಡ್ತಾರೆ. ಪ್ರಾಜೆಕ್ಟ್ ಕೆಲಸದ ಮೇಲೆ ನಾನು ಡಲ್ಲಾಸ್ ಪಕ್ಕದ ಒಂದು ಊರಲ್ಲಿ ಎರಡು ವರ್ಷ ಇದ್ದೆ. ಆಫೀಸಿನಲ್ಲಿ ಚಳಿಗಾಲ ಬಂತೆಂದರೆ ಮನೆಯಿಂದ ಚಿಲಿ ಮಾಡಿ ತರುವ ಸ್ಪರ್ಧೆ ಇರುತ್ತಿತ್ತು. ಮೀಟಿಂಗಿನಲ್ಲಿ ಬಾಯಿ ಬಿಡದ ಮನುಷ್ಯ ಕೂಡ ಬೀನ್ಸ್ ವಿಷಯ ಬಂದರೆ ಅರ್ಧ ಗಂಟೆ ಬಿಡದೆ ಮಾತಾಡುತ್ತಿದ್ದ.

ಚಿಲಿ ಅಂದರೆ ಇಲ್ಲಿ ದಕ್ಷಿಣ ಅಮೆರಿಕದ ದೇಶ ಅಲ್ಲ, ಆ ಉದ್ದನೆ ದೇಶಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಹೆಸರು ಚಿಲಿ ಕಾನ್ ಕಾರ್ನೆ, ಸ್ಪ್ಯಾನಿಷ್ ಮಾತಿನಲ್ಲಿ 'ಮಾಂಸ ಹಾಕಿದ ಮೆಣಸಿನಕಾಯಿ'. ಹೆಸರಿನಲ್ಲಿ ಮೊದಲು ಮೆಣಸಿನಕಾಯಿ, ಮಾಂಸ ಆಮೇಲೆ. ದನದ ಮಾಂಸ, ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಓರೆಗಾನೋ ಅನ್ನುವ ಒಣಸೊಪ್ಪು, ಇಷ್ಟನ್ನು ಹಾಕಿ ಗಂಟೆಗಟ್ಟಲೆ ಕುದಿಸಿದ ಗಟ್ಟಿ ಕೆಂಪು ಸಾರು.

ಈಗ ಅನ್ನ, ಚಪಾತಿ ಬಿಟ್ಟು ಕಾರ್ಬ್ ಕಡಿಮೆ ಮಾಡುವವರ ನಡುವೆ ಈ ಚಿಲಿಗೆ ಹೊಸ ಮರ್ಯಾದೆ ಬಂದಿದೆ. ಬೀನ್ಸ್ ಹಾಕದಿದ್ದರೆ ಅದರಲ್ಲಿ ಪಿಷ್ಟ ಅನ್ನುವಂಥದ್ದು ಹೆಚ್ಚೇನೂ ಉಳಿಯುವುದಿಲ್ಲ. 'ಇದೇನು ಹೊಸ ಡಯಟ್ ಅಲ್ಲ, ಮೂಲ ಟೆಕ್ಸಾಸ್ ಚಿಲಿ ಇದ್ದದ್ದೇ ಹೀಗೆ' ಅಂತ ಹೆಮ್ಮೆಯಿಂದ ಹೇಳುವವರು ತುಂಬಾ ಜನ. ಈ ಮಾತು ಅರ್ಧ ನಿಜ. ಉಳಿದ ಅರ್ಧ ಗೊತ್ತಾಗಬೇಕಾದರೆ ಸ್ಯಾನ್ ಆಂಟೋನಿಯೋಗೆ ಹೋಗಬೇಕು.

ಅದಕ್ಕೆ ಮುಂಚೆ ಪಾತ್ರೆಯೊಳಗೆ ಏನೇನು ಎಲ್ಲೆಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ. ಮೆಣಸಿನಕಾಯಿ ಮೆಕ್ಸಿಕೋ ಸುತ್ತಮುತ್ತಲಿನದೇ, ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದದ್ದು. ದನ ಆ ಖಂಡದಲ್ಲಿ ಇರಲೇ ಇಲ್ಲ. ಕೊಲಂಬಸ್ 1493ರ ಎರಡನೇ ಪ್ರಯಾಣದಲ್ಲಿ ಹಡಗಿನಲ್ಲಿ ತಂದು ಇಳಿಸಿದ. ಜೀರಿಗೆ, ಬೆಳ್ಳುಳ್ಳಿ, ಈರುಳ್ಳಿ ಎಲ್ಲ ಸ್ಪೇನಿನವರ ಜೊತೆ ಹೋದವು. ಅತ್ತ ಜೀರಿಗೆ ಹೋದ ಶತಮಾನದಲ್ಲೇ ಇತ್ತ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಮೆಣಸಿನಕಾಯಿ ಬಂತು. ಅಲ್ಲಿಯವರೆಗೆ ನಮಗೆ ಖಾರ ಅಂದರೆ ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ 'ಮೆಣಸಿನ ಕಾಯಿ' ಅಂದುಬಿಟ್ಟೆವು. ಹಾಗಾಗಿ ಟೆಕ್ಸಾಸ್‌ನ ಚಿಲಿಗೂ ನಮ್ಮ ಖಾರದ ಸಾರಿಗೂ ಇರುವ ವಯಸ್ಸಿನ ಅಂತರ ನಾವು ಅಂದುಕೊಂಡಷ್ಟೇನಿಲ್ಲ.

ಸ್ಯಾನ್ ಆಂಟೋನಿಯೋ ಆಗ ಮೆಕ್ಸಿಕೋಗೆ ಸೇರಿದ ಊರು. 1828ರಲ್ಲಿ ಅಲ್ಲಿಗೆ ಬಂದ ಕ್ಲಾಪರ್ ಎಂಬ ಪ್ರಯಾಣಿಕ ಬಡವರ ಮನೆಯ ಅಡುಗೆಯನ್ನು ಬರೆದಿಟ್ಟಿದ್ದಾನೆ. ಮಾಂಸವನ್ನು ಸಣ್ಣಗೆ ಕೊಚ್ಚುತ್ತಾರೆ, ಮಾಂಸದ ಚೂರು ಎಷ್ಟಿರುತ್ತೋ ಹೆಚ್ಚುಕಮ್ಮಿ ಅಷ್ಟೇ ಮೆಣಸಿನಕಾಯಿ ಹಾಕಿ ಒಟ್ಟಿಗೆ ಬೇಯಿಸುತ್ತಾರೆ ಅಂತ. ಚಿಲಿ ಅನ್ನುವ ಹೆಸರು ಅವನ ಬರಹದಲ್ಲಿಲ್ಲ, ಆದರೆ ಅಡುಗೆ ಅದೇ. ಬಡವರ ಅಡುಗೆ ಅನ್ನುವುದನ್ನು ಗಮನಿಸಿ. ನನಗೆ ಮೊದಲು ಇದು ತಲೆಗೆ ಹೋಗಲಿಲ್ಲ. ನಮ್ಮೂರಲ್ಲಿ ಮಾಂಸ ಅಂದರೆ ಹಬ್ಬಕ್ಕೆ, ನೆಂಟರು ಬಂದರೆ, ಮಾರಿ ಜಾತ್ರೆಗೆ. ಒಂದು ಕೆ.ಜಿ. ತಂದರೆ ಎಂಟು ಜನರ ತಟ್ಟೆಗೆ ಎರಡೆರಡು ತುಂಡು, ಉಳಿದದ್ದೆಲ್ಲ ಸಾರು. ಬಡವರು ಬರೀ ಮಾಂಸದ ಸಾರು ತಿನ್ನೋದು ಹೇಗೆ?

ಟೆಕ್ಸಾಸ್‌ನ ಲೆಕ್ಕಾಚಾರ ಬೇರೆ ಇತ್ತು. ಉದ್ದ ಕೊಂಬಿನ ಲಾಂಗ್‌ಹಾರ್ನ್ ದನಗಳು ಅಲ್ಲಿ ಬಯಲಲ್ಲಿ ಮೇಯ್ದುಕೊಂಡು ತಮ್ಮಷ್ಟಕ್ಕೆ ಹೆಚ್ಚಾಗಿದ್ದವು. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದಾಗ ಟೆಕ್ಸಾಸ್‌ನಲ್ಲಿ ಸುಮಾರು 4 ಡಾಲರ್ ಬೆಲೆಯ ದನಕ್ಕೆ ಉತ್ತರದ ಪಟ್ಟಣಗಳಲ್ಲಿ 40 ಡಾಲರ್ ಸಿಗುತ್ತಿತ್ತು ಅಂತ ಹೇಳುತ್ತಾರೆ. ಅದಕ್ಕೇ 1867ರಿಂದ ಚಿಶಮ್ ದಾರಿ ಹಿಡಿದು ಕೌಬಾಯ್‌ಗಳು ಮಂದೆ ಮಂದೆ ದನಗಳನ್ನು ಕಾನ್ಸಸ್‌ನ ರೈಲು ನಿಲ್ದಾಣದವರೆಗೆ ನಡೆಸಿಕೊಂಡು ಹೋದದ್ದು. ಅಂಥ ನಾಡಿನಲ್ಲಿ ನಡೆದು ನಡೆದು ಗಟ್ಟಿಯಾದ ದನದ ಕಾಲು, ಕುತ್ತಿಗೆಯ ಮಾಂಸ ಬಡವರ ಕೈಗೆ ಸುಲಭವಾಗಿ ಸಿಗುತ್ತಿತ್ತು. ಅದು ಬೇಗ ಬೇಯುವುದಿಲ್ಲ. ಸಣ್ಣಗೆ ಹೆಚ್ಚಬೇಕು, ಸಣ್ಣ ಉರಿಯಲ್ಲಿ ತುಂಬ ಹೊತ್ತು ಇಡಬೇಕು. ಚಿಲಿ ಹಾಗೆ ಹುಟ್ಟಿದ್ದಕ್ಕೆ ಕಾರಣ ಮಾಂಸದ ಬೆಲೆ ಮತ್ತು ಮಾಂಸದ ಗಟ್ಟಿತನ, ಆರೋಗ್ಯದ ಯೋಚನೆಯಂತೂ ಅಲ್ಲ.

ಈ ಅಡುಗೆಯನ್ನು ಊರಾಚೆಯವರಿಗೆ ಪರಿಚಯಿಸಿದವರು ಹೆಂಗಸರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸ್ಯಾನ್ ಆಂಟೋನಿಯೋದ ಮಿಲಿಟರಿ ಪ್ಲಾಜಾ ಅನ್ನುವ ಚೌಕದಲ್ಲಿ ಹಗಲು ತರಕಾರಿ, ಹುಲ್ಲು, ಸೌದೆಯ ಸಂತೆ. ಕತ್ತಲಾದರೆ ಅದೇ ಜಾಗದಲ್ಲಿ ಉದ್ದುದ್ದ ಮೇಜು, ಬೆಂಚು, ಬಣ್ಣದ ಗಾಜಿನ ಲಾಟೀನು. ಮೆಕ್ಸಿಕನ್ ಮನೆತನದ ಹೆಂಗಸರು ಮನೆಯಲ್ಲೇ ಮಾಡಿದ ಅಡುಗೆಯನ್ನು ದೊಡ್ಡ ಪಾತ್ರೆಗಳಲ್ಲಿ ಗಾಡಿ ಮೇಲೆ ತಂದು, ಕೆಂಡದ ಮೇಲಿಟ್ಟು ಬಿಸಿಯಾಗಿ ಬಡಿಸುತ್ತಿದ್ದರು. ಸೈನಿಕರು, ಗಾಡಿ ಹೊಡೆಯುವವರು, ದನದ ವ್ಯಾಪಾರಿಗಳು, ರೈಲು ಬಂದ ಮೇಲೆ ಪ್ರವಾಸಿಗಳು, ಎಲ್ಲರೂ ಒಂದೇ ಬೆಂಚಿನಲ್ಲಿ. ಪತ್ರಿಕೆಯವರು ಇವರಿಗೆ ಚಿಲಿ ರಾಣಿಯರು ಅಂತ ಹೆಸರಿಟ್ಟರು. ಹೆಸರು ಚಂದ, ಆದರೆ ಬರೆದವರ ಕಣ್ಣು ಬಡಿಸುವವರ ಮುಖ, ಮುಡಿದ ಹೂವಿನ ಮೇಲೇ ಇತ್ತು. ಅಡುಗೆ ಮಾಡಿದ ಕೈಯ ಬಗ್ಗೆ, ಯಾವ ಮೆಣಸಿನಕಾಯಿ ಎಷ್ಟು ಹಾಕುತ್ತಿದ್ದರು ಅನ್ನೋದರ ಬಗ್ಗೆ ಬರೆದದ್ದು ಕಡಿಮೆ.

ನಮ್ಮ ಪ್ರಶ್ನೆಗೆ ಉತ್ತರ ಸಿಗೋದು ಇಲ್ಲೇ. ಹತ್ತು ಸೆಂಟಿನ ಒಂದು ನಾಣ್ಯಕ್ಕೆ ಆ ಮೇಜಿನಲ್ಲಿ ಏನೇನು ಸಿಗುತ್ತಿತ್ತು? ಚಿಲಿ ಸಿಗುತ್ತಿತ್ತು. ಜೊತೆಗೆ ಬೇಯಿಸಿದ ಬೀನ್ಸ್ ಸಿಗುತ್ತಿತ್ತು. ಮಗ್ಗುಲಲ್ಲಿ ಜೋಳದ ಟಾರ್ಟಿಯಾ, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ. ಚಿಲಿಯ ಪಾತ್ರೆಯೊಳಗೆ ಬೀನ್ಸ್ ಇಲ್ಲ ಅನ್ನೋ ಟೆಕ್ಸಾಸ್‌ನವರ ವಾದ ಸರಿ. ತಟ್ಟೆಯಲ್ಲಿ ಇತ್ತು ಅನ್ನೋದನ್ನು ಮಾತ್ರ ಅವರು ಹೇಳುವುದಿಲ್ಲ.

ಮುದ್ದೆ ತಿನ್ನೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಟನ್ ಸಾರಿಗೆ ಯಾರೂ ರಾಗಿ ಹಿಟ್ಟು ಕಲಸುವುದಿಲ್ಲ. ಆದರೆ ಮುದ್ದೆ ಇಲ್ಲದೆ ಸಾರು ಊಟ ಆಗುವುದೂ ಇಲ್ಲ. ಮುಂದೆ ಯಾರಾದರೂ ನಮ್ಮ ಸಾರನ್ನಷ್ಟೇ ತೆಗೆದುಕೊಂಡು 'ತುಮಕೂರು ಕಡೆಯ ಹಳ್ಳಿಯವರು ಹಿಂದಿನಿಂದಲೂ ಕಾರ್ಬ್ ಇಲ್ಲದ ಊಟ ಮಾಡುತ್ತಿದ್ದರು' ಅಂತ ಬರೆದರೆ ಎಷ್ಟು ನಿಜವೋ, ಟೆಕ್ಸಾಸ್ ಚಿಲಿಯ ಮಾತೂ ಅಷ್ಟೇ ನಿಜ.

ಚಿಲಿ ಪಾತ್ರೆಯಿಂದ ಡಬ್ಬಿಗೆ ಇಳಿದದ್ದು ಒಬ್ಬ ಜರ್ಮನ್ ವಲಸಿಗನಿಂದ. ವಿಲಿಯಂ ಗೆಬ್‌ಹಾರ್ಟ್ ಅಂತ, ಸ್ಯಾನ್ ಆಂಟೋನಿಯೋ ಹತ್ತಿರದ ನ್ಯೂ ಬ್ರಾನ್‌ಫೆಲ್ಸ್ ಊರಿನಲ್ಲಿ 1892ರಲ್ಲಿ ಒಂದು ಸಾರಾಯಿ ಅಂಗಡಿಗೆ ಅಂಟಿಕೊಂಡ ಹಾಗೆ ಹೋಟೆಲ್ ಇಟ್ಟಿದ್ದ. ಚಿಲಿಗೆ ಗಿರಾಕಿ ಇತ್ತು, ಆದರೆ ಮೆಣಸಿನಕಾಯಿ ಸುಗ್ಗಿ ಮುಗಿದರೆ ಚಿಲಿಯೂ ಮುಗೀತು. ಅವನು ಮೆಕ್ಸಿಕೋದಿಂದ ಆಂಚೋ ಅನ್ನುವ ಒಣಮೆಣಸಿನಕಾಯಿ ತರಿಸಿದ, ಮಾಂಸ ಅರೆಯುವ ಚಿಕ್ಕ ಯಂತ್ರದಲ್ಲಿ ಮತ್ತೆ ಮತ್ತೆ ಹಾಕಿ ಪುಡಿ ಮಾಡಿದ, ಮಸಾಲೆ ಬೆರೆಸಿ 1894ರ ಹೊತ್ತಿಗೆ ಮಾರಲು ಶುರು ಮಾಡಿದ. 1896ರಲ್ಲಿ ಹದ್ದಿನ ಗುರುತಿನ ಟ್ರೇಡ್‌ಮಾರ್ಕ್ ಆಯಿತು. ಇವತ್ತಿಗೂ ಅಮೆರಿಕದಲ್ಲಿ ಚಿಲಿ ಪೌಡರ್ ಅಂತ ಸಿಗುವ ಬಾಟಲಿಯಲ್ಲಿ ಬರೀ ಖಾರದ ಪುಡಿ ಇರುವುದಿಲ್ಲ. ಜೀರಿಗೆ, ಬೆಳ್ಳುಳ್ಳಿ, ಓರೆಗಾನೋ ಸೇರಿರುತ್ತೆ. ನಮ್ಮ ಸಾಂಬಾರ್ ಪುಡಿ ಇದ್ದ ಹಾಗೆ. ಹೊಸದಾಗಿ ಹೋದ ನಮ್ಮವರು ಇದನ್ನು ತಂದು ಒಗ್ಗರಣೆಗೆ ಹಾಕಿ, ಪಲ್ಯ ಯಾಕೆ ಹೀಗಾಯ್ತು ಅಂತ ತಲೆ ಕೆರೆದುಕೊಳ್ಳೋದನ್ನು ನೋಡಿದ್ದೇನೆ.

ಪುಡಿ ಊರೂರಿಗೆ ಹೋಯಿತು. ಹೆಂಗಸರು ಮಾತ್ರ ಚೌಕದಿಂದ ಚೌಕಕ್ಕೆ ಓಡಾಡಬೇಕಾಯಿತು. ಮಿಲಿಟರಿ ಪ್ಲಾಜಾದ ನಡುವೆ ನಗರಸಭೆಯ ಹೊಸ ಕಟ್ಟಡ ಎದ್ದಿತು, 1890ರ ದಶಕದ ಶುರುವಿಗೆ ಅಂಗಡಿಗಳಿಗೆ ಅಲ್ಲಿ ಜಾಗ ಇಲ್ಲದಾಯಿತು. ಮುಂದೆ 1937ರಲ್ಲಿ ನಗರದ ಆರೋಗ್ಯ ಇಲಾಖೆ ಶುಚಿತ್ವದ ನಿಯಮ ಮುಂದಿಟ್ಟು ಬೀದಿಯ ಚಿಲಿಯನ್ನೇ ನಿಲ್ಲಿಸಿತು. 1939ರಲ್ಲಿ ಮೇಯರ್ ಆದ ಮೌರಿ ಮೇವರಿಕ್ ಅವರನ್ನು ಮತ್ತೆ ಕರೆತಂದ. ಅದೂ ಹೆಚ್ಚು ಕಾಲ ನಿಲ್ಲದೆ 1940ರ ದಶಕದಲ್ಲಿ ಪೂರ್ತಿ ಮುಗಿಯಿತು. ಶುಚಿತ್ವದ ಪ್ರಶ್ನೆ ಸುಳ್ಳೇನಲ್ಲ, ಬೀದಿಯಲ್ಲಿ ತಟ್ಟೆ ತೊಳೆಯಲು ಹರಿಯುವ ನೀರು ಎಲ್ಲಿತ್ತು? ಆದರೆ ಒಂದು ನಲ್ಲಿ ಹಾಕಿಸಿಕೊಡುವುದಕ್ಕಿಂತ ಅಂಗಡಿ ಎತ್ತಿಸೋದು ಸುಲಭ. ಬೆಂಗಳೂರಿನ ಫುಟ್‌ಪಾತ್ ಮೇಲೆ ಊಟದ ಗಾಡಿ ಎತ್ತಿ ಲಾರಿಗೆ ಹಾಕೋದನ್ನು ನೋಡಿದವರಿಗೆ ಇದು ಹೊಸ ವಿಷಯ ಅಲ್ಲ.

ಹಾಗಾದರೆ ಬೀನ್ಸ್ ಪಾತ್ರೆಯೊಳಗೆ ಹೋದದ್ದು ಯಾವಾಗ? ಒಂದು ದಿನಾಂಕ ಇಟ್ಟು ಹೇಳುವ ವಿಷಯ ಅಲ್ಲ ಇದು. ಚಿಲಿ ಟೆಕ್ಸಾಸ್ ಬಿಟ್ಟು ಉತ್ತರಕ್ಕೆ ಹೋದಂತೆಲ್ಲ ಆಯಾ ಊರಿನ ಜೇಬಿಗೆ ತಕ್ಕಂತೆ ಬದಲಾಯಿತು. 1922ರಲ್ಲಿ ಸಿನ್ಸಿನಾಟಿಯಲ್ಲಿ ಮ್ಯಾಸಿಡೋನಿಯಾದಿಂದ ಬಂದ ಕಿರಾಜಿಯೆಫ್ ಸಹೋದರರು ಅದನ್ನು ಸ್ಪಾಗೆಟ್ಟಿ ಮೇಲೆ ಸುರಿದು ಕೊಟ್ಟರು. 1930ರ ದಶಕದ ಮಹಾಕುಸಿತದ ಕಾಲದಲ್ಲಿ ಹೊಟ್ಟೆ ತುಂಬಿಸುವ ಅಗ್ಗದ ಬಟ್ಟಲು ಅಂದರೆ ಚಿಲಿ. ಮಾಂಸ ಕಡಿಮೆಯಾದಷ್ಟೂ ಬೀನ್ಸ್ ಜಾಸ್ತಿ. ನೆಂಟರು ಹೆಚ್ಚಾದಾಗ ನಮ್ಮಮ್ಮ ಮಟನ್ ಸಾರಿಗೆ ಆಲೂಗಡ್ಡೆ ಸೇರಿಸುತ್ತಿದ್ದದ್ದೂ ಇದೇ ಲೆಕ್ಕ. ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಾಣೋದಿಲ್ಲ.

ಟೆಕ್ಸಾಸ್‌ನವರಿಗೆ ಕಂಡಿತು. 1967ರಲ್ಲಿ ಎಚ್. ಆಲನ್ ಸ್ಮಿತ್ ಎಂಬ ನ್ಯೂಯಾರ್ಕ್ ಕಡೆಯ ಹಾಸ್ಯ ಬರಹಗಾರ, ಚಿಲಿಯ ಬಗ್ಗೆ ತನಗಿಂತ ಹೆಚ್ಚು ಗೊತ್ತಿರುವವರು ಯಾರೂ ಇಲ್ಲ ಅಂತ ಪತ್ರಿಕೆಯಲ್ಲಿ ಬರೆದ. ಅವನ ಚಿಲಿಯಲ್ಲಿ ಬೀನ್ಸ್ ಇತ್ತು. ಡಲ್ಲಾಸ್‌ನ ಅಂಕಣಕಾರ ಫ್ರಾಂಕ್ ಟೋಲ್ಬರ್ಟ್ ಮತ್ತವರ ಗೆಳೆಯರು ಸಿಟ್ಟಿಗೆದ್ದು, ಪಾದರಸದ ಗಣಿ ಮುಚ್ಚಿ ಪಾಳುಬಿದ್ದಿದ್ದ ಟೆರ್ಲಿಂಗುವಾ ಅನ್ನುವ ಊರಿನಲ್ಲಿ ಸ್ಪರ್ಧೆಗೆ ಕರೆದರು. ಟೆಕ್ಸಾಸ್ ಪರವಾಗಿ ಪತ್ರಕರ್ತ ವಿಕ್ ಫೌಲರ್. ಇಬ್ಬರು ತೀರ್ಪುಗಾರರು ಒಬ್ಬೊಬ್ಬರಿಗೆ ಮತ ಹಾಕಿದರು, ಮೂರನೆಯವನು ನನ್ನ ನಾಲಿಗೆಯೇ ಸತ್ತುಹೋಗಿದೆ ಅಂತ ಹೇಳಿ ಸಮ ಅಂತ ಘೋಷಿಸಿದ. ತಮಾಷೆಗೆ ಶುರುವಾದದ್ದು ವರ್ಷ ವರ್ಷ ನಡೆಯುವ ಜಾತ್ರೆಯಾಯಿತು, ಅಲ್ಲಿಂದ ಬೆಳೆದ ಸ್ಪರ್ಧೆಗಳಲ್ಲಿ ಬೀನ್ಸ್, ಅಕ್ಕಿ, ಪಾಸ್ತಾ ಹಾಕಬಾರದು ಅನ್ನೋದು ಬರಹದಲ್ಲಿರುವ ನಿಯಮವಾಯಿತು. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಚಿಲಿಯನ್ನು ರಾಜ್ಯದ ಅಧಿಕೃತ ಖಾದ್ಯ ಅಂತ ನಿರ್ಣಯ ಮಾಡಿತು. ಇದರಲ್ಲಿ ನನಗೆ ಮುಳ್ಳಿನ ಹಾಗೆ ಚುಚ್ಚೋ ವಿಷಯ ಒಂದಿದೆ. ಟೆರ್ಲಿಂಗುವಾದ ಮೊದಲ ವರ್ಷಗಳಲ್ಲಿ ಹೆಂಗಸರು ಸ್ಪರ್ಧಿಸುವಂತಿರಲಿಲ್ಲ! ಅವರು 1970ರಲ್ಲಿ ಲೂಕೆನ್‌ಬಾಕ್ ಅನ್ನೋ ಪುಟ್ಟ ಊರಿನಲ್ಲಿ ತಮ್ಮದೇ ಸ್ಪರ್ಧೆ ಮಾಡಿಕೊಂಡರು. ಚೌಕದಲ್ಲಿ ಲಾಟೀನು ಹಚ್ಚಿ ಈ ಅಡುಗೆಯನ್ನು ಜಗತ್ತಿಗೆ ತಿನ್ನಿಸಿದವರ ಕಸುಬು ಮೂವತ್ತು ವರ್ಷದೊಳಗೆ ಗಂಡಸರ ಕ್ರೀಡೆ ಆಗಿಬಿಟ್ಟಿತ್ತು.

ಇನ್ನು ಡಾಕ್ಟರುಗಳ ಕತೆ. ಪಿಷ್ಟ ಬಿಟ್ಟು ಮಾಂಸ ತಿನ್ನು ಅನ್ನೋ ಸಲಹೆ ಚಿಲಿಗಿಂತ ಹಳೆಯದು. ಜಾನ್ ರೊಲ್ಲೊ ಎಂಬ ಸ್ಕಾಟ್ಲೆಂಡಿನ ಸೇನಾ ವೈದ್ಯ ಸಕ್ಕರೆ ಕಾಯಿಲೆಯ ಒಬ್ಬ ಕ್ಯಾಪ್ಟನ್‌ಗೆ ಬರೀ ಮಾಂಸ, ಕೊಬ್ಬಿನ ಊಟ ಹಾಕಿ 1797ರಲ್ಲಿ ಅದರ ವಿವರ ಪ್ರಕಟಿಸಿದ. ಲಂಡನ್ನಿನಲ್ಲಿ ಶವಸಂಸ್ಕಾರದ ಕೆಲಸ ಮಾಡಿಸುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿ 1863ರಲ್ಲಿ ಒಂದು ಕಿರುಹೊತ್ತಿಗೆ ಬರೆದ. ಚಿಲಿ ಪಾತ್ರೆಯ ಹತ್ತಿರ ಡಾಕ್ಟರು ಬಂದದ್ದು 20ನೇ ಶತಮಾನದಲ್ಲಿ. ಟೆಕ್ಸಾಸ್‌ನ ಲಿಂಡನ್ ಜಾನ್ಸನ್‌ಗೆ 1955ರಲ್ಲಿ ಹೃದಯಾಘಾತ ಆಯಿತು. ಮುಂದೆ ಅಧ್ಯಕ್ಷನಾದಾಗ ಅವನ ಮನೆಯ ಚಿಲಿಯ ಪಾಕವನ್ನು ಎಷ್ಟು ಜನ ಕೇಳಿದರೆಂದರೆ, ಹೆಂಡತಿ ಲೇಡಿ ಬರ್ಡ್ ಅದನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಕಳಿಸುತ್ತಿದ್ದಳು. ಅದರಲ್ಲಿ ಬೀನ್ಸ್ ಇಲ್ಲ, ಹಳೆ ಪದ್ಧತಿಯ ದನದ ಕೊಬ್ಬೂ ಇಲ್ಲ. ಕೊಬ್ಬು ಬಿಡಬೇಕು ಅನ್ನೋದು ಡಾಕ್ಟರ ಆಜ್ಞೆ. 1972ರಲ್ಲಿ ಡಾಕ್ಟರ್ ರಾಬರ್ಟ್ ಅಟ್ಕಿನ್ಸ್ ಪುಸ್ತಕ ಬಂತು. ಅದು ಕೊಬ್ಬು ಇರಲಿ, ಪಿಷ್ಟ ಬಿಡಿ ಅಂತು. ಒಂದೇ ಪಾತ್ರೆಯಿಂದ ಒಬ್ಬ ಡಾಕ್ಟರು ಕೊಬ್ಬು ತೆಗೆಸಿದರೆ ಇನ್ನೊಬ್ಬರು ಬೀನ್ಸ್ ತೆಗೆಸಿದರು.

ನಾನು ಈ ಪಾತ್ರೆಯ ಹಿಂದೆ ಬಿದ್ದದ್ದು ಅಪ್ಪನ ಸಕ್ಕರೆ ಕಾಯಿಲೆಯಿಂದ. ಅಪ್ಪ ದಿನಕ್ಕೆ ಎರಡು ಹೊತ್ತು ಮುದ್ದೆ ಉಂಡವರು. ರಾಗಿ ಸಕ್ಕರೆಗೆ ಒಳ್ಳೇದು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇರುತ್ತೆ, ಅಪ್ಪನ ಮುದ್ದೆ 100 ಗ್ರಾಂಗೆ ನಿಲ್ಲುವಂಥದ್ದೂ ಅಲ್ಲ. ಡಾಕ್ಟರು ಮುದ್ದೆ ಅರ್ಧ ಮಾಡಿ ಅಂದಾಗ ಅಪ್ಪ ಅದನ್ನು ಅವಮಾನ ಅಂತ ತಗೊಂಡರು. ನಾನು ಊರಿಗೆ ಹೋದಾಗ ಒಂದು ದಿನ ಚಿಲಿ ಮಾಡಿ ಬಟ್ಟಲಲ್ಲಿ ಕೊಟ್ಟೆ. ಬೆರಳಲ್ಲಿ ನೆಕ್ಕಿ, "ಖಾರ ಚೆನ್ನಾಗೈತೆ ಕಣಪ್ಪ. ಮುದ್ದೆ ಇಲ್ದೆ ಇದನ್ನ ಏನ್ ಮಾಡ್ಲಿ, ಕುಡೀಲಾ?" ಅಂದರು. ಈಗ ವಾರಕ್ಕೊಂದು ದಿನ ನಿಂಬೆಹಣ್ಣಿನ ಗಾತ್ರದ ಮುದ್ದೆ, ದೊಡ್ಡ ಬಟ್ಟಲು ಚಿಲಿ ಅನ್ನೋ ಒಪ್ಪಂದಕ್ಕೆ ಬಂದಿದ್ದಾರೆ. ಸಕ್ಕರೆ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನು ಕೇಳದೆ ಪಿಷ್ಟ ಏಕದಂ ಇಳಿಸಬೇಡಿ, ಸಕ್ಕರೆ ತೀರಾ ಕೆಳಗೆ ಬಿದ್ದು ತಲೆ ತಿರುಗಬಹುದು. ಕಿಡ್ನಿ ತೊಂದರೆ ಇದ್ದರಂತೂ ಇಷ್ಟು ಮಾಂಸ ತಿನ್ನೋ ಮೊದಲು ಕೇಳಲೇಬೇಕು.

ಮಾಡೋದು ಕಷ್ಟ ಇಲ್ಲ. ಆಂಚೋ ಬದಲಿಗೆ ನಮ್ಮಲ್ಲಿ ಬ್ಯಾಡಗಿ ಇದೆ. ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು. ಬಣ್ಣ ಜಾಸ್ತಿ, ಖಾರ ಕಮ್ಮಿ, ಒಣಗಿ ಸುಕ್ಕಾದ ಸಿಪ್ಪೆ. ಚಿಲಿಗೆ ಬೇಕಾದ ಗುಣ ಎಲ್ಲಾ ಇದೆ. ಖಾರ ಕಮ್ಮಿ ಇದ್ದರೆ ತಾನೇ ಕ್ಲಾಪರ್ ಕಂಡ ಹಾಗೆ ಧಾರಾಳವಾಗಿ ಹಾಕೋಕಾಗೋದು? ಒಂದು ಕೆ.ಜಿ. ಮೂಳೆಯಿಲ್ಲದ ಮಟನ್‌ಗೆ ನಾನು ಹದಿನೈದು ಬ್ಯಾಡಗಿ, ಮೂರು ಗುಂಟೂರು ಹಾಕ್ತೀನಿ. ಬೀಜ ಉದುರಿಸಿ, ಬರೀ ಬಾಣಲೆಯಲ್ಲಿ ಘಮ ಬರೋವರೆಗೆ ಬಾಡಿಸಿ, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ರುಬ್ಬಬೇಕು. ಕಪ್ಪಾಗಲು ಬಿಟ್ಟರೆ ಕಹಿ.

ಮಟನ್ ಅಂಗಡಿಯವನಿಗೆ ಕೈಮ ಮಾಡಬೇಡ, ಹೆಬ್ಬೆರಳ ಉಗುರಿನಷ್ಟು ತುಂಡು ಮಾಡು ಅನ್ನಿ. ಗೊಣಗ್ತಾನೆ, ಮಾಡಿಕೊಡ್ತಾನೆ. ಆ ತುಂಡುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ ಕಂದು ಬಣ್ಣ ಬರಿಸಬೇಕು. ಎಲ್ಲಾ ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತೆ, ಹುರಿಯೋದಿಲ್ಲ. ಆಮೇಲೆ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಹುರಿದು ಪುಡಿ ಮಾಡಿದ ಎರಡು ಚಮಚ ಜೀರಿಗೆ, ರುಬ್ಬಿದ ಖಾರ, ಉಪ್ಪು, ಮುಳುಗುವಷ್ಟು ನೀರು. ಓರೆಗಾನೋಗೆ ನಾನು ಹಿತ್ತಲಿನ ದೊಡ್ಡಪತ್ರೆ ಎರಡೆಲೆ ಹೆಚ್ಚಿ ಹಾಕ್ತೀನಿ, ಎರಡರ ಘಾಟು ಹತ್ತಿರ ಹತ್ತಿರ. ಚಕ್ಕೆ, ಲವಂಗ, ತೆಂಗಿನಕಾಯಿಯ ಹತ್ತಿರ ಕೈ ಹೋಗದಂತೆ ನೋಡಿಕೊಳ್ಳಿ. ಹೋದರೆ ಒಳ್ಳೆ ಮಟನ್ ಸಾರೇ ಆಗುತ್ತೆ, ಚಿಲಿ ಆಗೋದಿಲ್ಲ. ಸಣ್ಣ ಉರಿಯಲ್ಲಿ ಎರಡರಿಂದ ಎರಡೂವರೆ ಗಂಟೆ. ಟೆಕ್ಸಾಸ್‌ನಲ್ಲಿ ಕೊನೆಗೆ ಗಟ್ಟಿಯಾಗಲು ಮೆಕ್ಕೆಜೋಳದ ಹಿಟ್ಟು ಕದಡುತ್ತಾರೆ. ಅದರ ಬದಲು ಮುಚ್ಚಳ ತೆಗೆದು ಇನ್ನೊಂದರ್ಧ ಗಂಟೆ ಬತ್ತಿಸಿದರೆ ಸಾಕು. ಇಳಿಸುವಾಗ ಅರ್ಧ ಹೋಳು ನಿಂಬೆ.

ಇದನ್ನು ನಾಲ್ಕು ಜನ ಹಂಚಿಕೊಂಡರೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಎಲ್ಲ ಲೆಕ್ಕ ಹಾಕಿದರೂ ತಲೆಗೆ ಕಾರ್ಬ್ ಹತ್ತು ಗ್ರಾಂ ಆಸುಪಾಸಿನಲ್ಲೇ ಇರುತ್ತೆ. ಬೇಯಿಸಿದ ರಾಜ್ಮಾ ಒಂದೇ ಕಪ್ಪಿನಲ್ಲಿ 40 ಗ್ರಾಂ. ಆದರೆ ಇಂಥ ಮಟನ್‌ಗೆ ಈಗ ಕೆ.ಜಿ.ಗೆ 800ರ ಮೇಲೆ ಕೊಡಬೇಕು, ರಾಜ್ಮಾ ಅದರ ಕಾಲುಭಾಗಕ್ಕೆ ಬರುತ್ತೆ. ತಿಂಗಳ ಕೊನೆಯ ವಾರದಲ್ಲಿ ನಮ್ಮ ಮನೆಯ ಪಾತ್ರೆಗೂ ಎರಡು ಹಿಡಿ ರಾಜ್ಮಾ ಬೀಳುತ್ತೆ. ಅದಕ್ಕೆ ಮುಂಚೆ ಅಪ್ಪನ ಬಟ್ಟಲಿಗೆ ಬೇರೆ ತೆಗೆದಿಡ್ತೀವಿ.